ಟೋಕಿಯೊದಲ್ಲಿ ಓಡಿದ ಮೂವರು



ನಾನು ಕಾಮಸಮುದ್ರದವನು. ಬಂಗಾರಪೇಟೆ ತಾಲ್ಲೂಕು. ಬಂಗಾರಪೇಟೆಯಿಂದ ಕುಪ್ಪಂ ಕಡೆಗೆ ರೈಲಿನಲ್ಲಿ ಹೋದವರು ನಮ್ಮೂರ ಹೆಸರನ್ನು ಹಳದಿ ಬೋರ್ಡಿನ ಮೇಲೆ ನೋಡಿರುತ್ತೀರಿ. ಎಕ್ಸ್‌ಪ್ರೆಸ್ ಗಾಡಿಯಲ್ಲಿದ್ದರೆ ಪೂರ್ತಿ ಓದುವ ಹೊತ್ತಿಗೆ ಬೋರ್ಡು ಹಿಂದೆ ಸರಿದಿರುತ್ತದೆ. ನಮ್ಮ ಬೀದಿಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಮಾತಿನೊಳಗೆ ಬಂದು ಹೋಗುತ್ತವೆ. ಸಂಜೆ ಕಬಡ್ಡಿ ಅಂಕಣಕ್ಕೆ ಇಳಿದರೆ ಮಾತ್ರ ಹುಡುಗರೆಲ್ಲರ ಬಾಯಲ್ಲಿ ಒಂದೇ ಪದ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರ ಕೆಲಸ ಮಾಡಿ ನಿವೃತ್ತನಾದವನು ನಾನು. ಆದರೂ ಐದು ಗಂಟೆಯಾದರೆ ಕಾಲು ಆ ಬಯಲಿನ ಕಡೆಗೇ ಎಳೆಯುತ್ತದೆ. ಸೀಟಿ ಈಗಲೂ ಜೇಬಿನಲ್ಲೇ ಇದೆ.

ಕಳೆದ ಬೇಸಿಗೆಯ ಒಂದು ಸಂಜೆ. ಆಟ ಮುಗಿದಿತ್ತು. ನಮ್ಮ ತಂಡದ ರೈಡರ್ ಹುಡುಗ, ಇನ್ನೂ ಇಪ್ಪತ್ತು ತುಂಬಿಲ್ಲ, ಮಂಡಿಗೆ ಅಂಟಿದ ಮಣ್ಣು ಒರೆಸಿಕೊಳ್ಳುತ್ತಾ ಮೊಬೈಲ್ ಹಿಡಿದು ಬಂದ.

“ಮೇಷ್ಟ್ರೇ, ಇದ್ಯಾವ ಸೀಮೆ ಕಬಡ್ಡಿ ನೋಡಿ.”

ನೋಡಿದೆ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ದಿಂಬು ಕಟ್ಟಿದ ಹಾಗೆ ಏನೋ ತೊಡುಗೆ. ಒಬ್ಬ ಆಳು ಎರಡು ತುದಿಯೂ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದಾನೆ. ಒಬ್ಬ ಅವನ ಸೊಂಟಕ್ಕೆ ಬಿದ್ದ, ಒಬ್ಬ ಕಾಲಿಗೆ ಬಿದ್ದ, ಮೂರನೆಯವನು ಎದುರಿನಿಂದ ಹೆಗಲು ಕೊಟ್ಟು ಗುದ್ದಿದ. ಆಳು ಬೀಳಲಿಲ್ಲ. ಮೂವರನ್ನೂ ಎಳೆದುಕೊಂಡೇ ಇನ್ನೂ ನಾಲ್ಕು ಹೆಜ್ಜೆ ಹೋದ. ಆಮೇಲೆ ಐದಾರು ಜನ ಮೇಲೆ ಬಿದ್ದರು, ಆಳು ಕಾಣದಾದ.

ಅದು ಅಮೆರಿಕದವರು ಫುಟ್‌ಬಾಲ್ ಎನ್ನುವ ಆಟ. ಹೆಸರಿಗೆ ಫುಟ್‌ಬಾಲ್ ಆದರೂ ಚೆಂಡು ಹೆಚ್ಚು ಹೊತ್ತು ಕೈಯಲ್ಲೇ ಇರುತ್ತದೆ. ಹತ್ತು ಗಜ ಮುಂದೆ ಹೋಗಬೇಕು, ಅದಕ್ಕೆ ನಾಲ್ಕು ಅವಕಾಶ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು. ಹೀಗೆ ಗಜಗಜವಾಗಿ ಎದುರಾಳಿಯ ನೆಲವನ್ನು ಗೆಲ್ಲುತ್ತಾ ಹೋಗುವುದು ಆಟದ ಹೂರಣ. ಆ ಚೆಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹನ್ನೊಂದು ಜನರ ನಡುವೆ ನುಗ್ಗುವವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ನಮ್ಮ ಹುಡುಗ ಕೇಳಿದ್ದು ಸರಿಯಾಗಿಯೇ ಇತ್ತು. ಕಬಡ್ಡಿಯ ರೈಡರ್ ಏಳು ಜನರ ನಡುವೆ ಹೋಗಿ ಮಧ್ಯಗೆರೆಗೆ ವಾಪಸು ಬರಬೇಕು. ಅಲ್ಲಿಯವನು ವಾಪಸು ಬರುವ ಹಾಗಿಲ್ಲ, ಮುಂದಕ್ಕೇ ಹೋಗಬೇಕು. ಮೈಮೇಲೆ ಬೀಳುವವರ ಕಣ್ಣನ್ನು ಓದುವುದು, ಸೊಂಟ ಒಂದು ಕಡೆ ತೋರಿಸಿ ಕಾಲು ಇನ್ನೊಂದು ಕಡೆ ಇಡುವುದು, ಬಿದ್ದರೂ ಕೈ ಚಾಚಿ ಇನ್ನೊಂದು ಗೇಣು ಗಿಟ್ಟಿಸುವುದು, ಈ ವಿದ್ಯೆ ಮಾತ್ರ ಎರಡೂ ಕಡೆ ಒಂದೇ.

ಹುಡುಗನ ತಾತ ಅಲ್ಲೇ ಕಲ್ಲಿನ ಮೇಲೆ ಕೂತಿದ್ದರು. ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಈಗ ಅಂಕಣದ ಈ ತುದಿಯಿಂದ ಆ ತುದಿಗೆ ನಡೆದು ಬರಬೇಕಾದರೆ ನಡುವೆ ಎರಡು ಸಲ ನಿಂತು ಉಸಿರು ಹಿಡಿದುಕೊಳ್ಳಬೇಕು. ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದು, ಆ ಓಟವನ್ನು ಎರಡು ಸಲ ನೋಡಿದರು. ನೋಡಿ ಕೇಳಿದ್ದು ಒಂದೇ ಮಾತು.

“ಆಮೇಲೆ ಏನ್ ಮಾಡ್ತಾರಪ್ಪಾ ಇವ್ರು?”

ಈ ಹೊತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದು. ಆ ರಾತ್ರಿಯಿಂದ ಒಂದಷ್ಟು ದಿನ ಸಿಕ್ಕಿದ್ದನ್ನೆಲ್ಲ ಓದಿದೆ.

ಜಿಮ್ ಬ್ರೌನ್ ಎಂಬ ಓಟಗಾರನಿದ್ದ. ಕ್ಲೀವ್‌ಲ್ಯಾಂಡ್ ತಂಡಕ್ಕೆ 1957ರಿಂದ 1965ರವರೆಗೆ ಒಂಬತ್ತು ಋತು ಆಡಿದ. ಆ ಒಂಬತ್ತರಲ್ಲಿ ಎಂಟು ಋತು ಇಡೀ ಲೀಗಿಗೇ ಅತಿ ಹೆಚ್ಚು ಗಜ ಓಡಿದವನು ಅವನೇ. ಒಟ್ಟು 12,312 ಗಜ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಹನ್ನೊಂದೂಕಾಲು ಕಿಲೋಮೀಟರ್. ನಮ್ಮ ಹುಡುಗರು ಒಂದು ಬೆಳಿಗ್ಗೆ ಓಡಿಬಂದು ಹಲ್ಲುಜ್ಜುವ ದೂರ. ಆ ಮನುಷ್ಯನಿಗೆ ಅದಕ್ಕೆ ಒಂಬತ್ತು ವರ್ಷ ಬೇಕಾಯಿತು. ಒಂದು ಸಲ ಚೆಂಡು ಕೈಗೆ ಬಂದರೆ ಸರಾಸರಿ ಐದು ಗಜ, ಮತ್ತೆ ನೆಲಕ್ಕೆ. ಹೀಗೆ ಎರಡು ಸಾವಿರಕ್ಕೂ ಹೆಚ್ಚು ಸಲ ಎದ್ದು, ಓಡಿ, ಬಿದ್ದು ಕೂಡಿಸಿದ ದೂರ ಅದು. ಇಷ್ಟಾದರೂ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. 1966ರಲ್ಲಿ, ಮೂವತ್ತನೇ ವಯಸ್ಸಿಗೆ, ಮೈಯಲ್ಲಿ ಬಲ ಇರುವಾಗಲೇ ಆಟ ಸಾಕೆಂದು ಸಿನಿಮಾಕ್ಕೆ ಹೋದ. ಅಷ್ಟು ಎತ್ತರದಲ್ಲಿದ್ದಾಗ ತಾನಾಗಿಯೇ ಕೆಳಗಿಳಿದದ್ದು ನನಗೆ ಅವನ ಗಜಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಅರ್ಲ್ ಕ್ಯಾಂಬೆಲ್ ಎಂಬ ಇನ್ನೊಬ್ಬ. ಟೆಕ್ಸಾಸಿನವನು, ನೂರು ಕಿಲೋ ದಾಟಿದ ಆಳು. ಹ್ಯೂಸ್ಟನ್ ತಂಡಕ್ಕೆ 1978ರಲ್ಲಿ ಬಂದು ಮೊದಲ ಮೂರು ವರ್ಷವೂ ಓಟದಲ್ಲಿ ಇಡೀ ಲೀಗಿಗೆ ಮೊದಲಿಗ. 1980 ಒಂದರಲ್ಲೇ 1,934 ಗಜ. ಎದುರು ಬಂದವರನ್ನು ತಪ್ಪಿಸಿ ಹೋಗುವ ಬದಲು ಗುದ್ದಿಕೊಂಡೇ ಹೋಗುವುದು ಅವನ ರೀತಿ. 1986ರ ಹೊತ್ತಿಗೆ ಆಟ ಮುಗಿಯಿತು. ಐವತ್ತರ ಆಸುಪಾಸಿನಲ್ಲಿ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆಯಾಗಿ, ಗಾಲಿಕುರ್ಚಿಯಲ್ಲಿ ಓಡಾಡುವ ದಿನಗಳು ಬಂದವು.

ಇವರಿಬ್ಬರು ದೊಡ್ಡ ಹೆಸರಿನವರು. ಹೆಸರೇ ಕೇಳದವರ ಕತೆ ಇನ್ನೂ ಚಿಕ್ಕದು. ರನ್ನಿಂಗ್ ಬ್ಯಾಕ್ ಒಬ್ಬನ ವೃತ್ತಿಯ ಆಯಸ್ಸು ಸರಾಸರಿ ಎರಡೂವರೆ ವರ್ಷ ಎಂಬುದು ಅಲ್ಲಿನ ಆಟಗಾರರ ಸಂಘದವರೇ ಹೇಳುತ್ತ ಬಂದ ಲೆಕ್ಕ. ಅಲ್ಲಿ ಪಿಂಚಣಿಗೆ ಹಕ್ಕು ಹುಟ್ಟಬೇಕಾದರೆ ಮೂರು ಋತು ಆಡಿರಬೇಕು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ತಾತನ ಪ್ರಶ್ನೆಗೆ ಎಷ್ಟು ತೂಕ ಇತ್ತು ಎಂದು ನನಗೆ ಆಗ ಗೊತ್ತಾಯಿತು.

ಓದುತ್ತಾ ಹೋದಂತೆ ಅಮೆರಿಕದಲ್ಲಿ ಹುಡುಕುತ್ತಿದ್ದ ಉತ್ತರದ ಒಂದು ಎಳೆ ನಮ್ಮ ಗಣಿಯೂರಿನಲ್ಲೇ ಸಿಕ್ಕಿತು. ಆ ಎಳೆಯ ಹೆಸರು ಕೆನೆತ್ ಪೊವೆಲ್.

ಕೆ.ಜಿ.ಎಫ್. ಎಂದರೆ ಈಗಿನ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ. ನಮ್ಮ ವಯಸ್ಸಿನವರಿಗೆ ಗಣಿಯ ಸೈರನ್ನು, ಲೈನ್ ಮನೆಗಳ ತಗಡು ಸೂರು, ಉರಿಗಾಂ, ಮಾರಿಕುಪ್ಪಂ, ಸೈನೈಡ್ ಗುಡ್ಡೆ. ಇವುಗಳ ಜೊತೆಗೆ ಆಟದ ಮೈದಾನಗಳೂ ನೆನಪಾಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದ ಮೇಲೆ ಗಣಿಯ ಜೊತೆಗೇ ಫುಟ್‌ಬಾಲ್, ಹಾಕಿ, ಬಾಕ್ಸಿಂಗ್ ಕೂಡ ಬಂದವು. ಬೆಂಗಳೂರಿಗಿಂತ ಮೊದಲು, 1902ರಲ್ಲೇ, ಶಿವನಸಮುದ್ರದ ಕರೆಂಟು ಕಂಡ ಊರದು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಬಿಸಿ ಬಂಡೆಯಲ್ಲಿ ಎಂಟು ಗಂಟೆ ಬೆವರು ಸುರಿಸಿ ಮೇಲೆ ಬಂದ ಜನ ಸಂಜೆ ಮತ್ತೆ ಬೆವರು ಸುರಿಸಲು ಮೈದಾನಕ್ಕೆ ಹೋಗುತ್ತಿದ್ದರು. ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ತಾತ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: ಕೆಳಗೆ ಮೈ ಕಂಪನಿಯದು, ಮೈದಾನದಲ್ಲಿ ಮಾತ್ರ ನಮ್ಮದು.

ಆ ಊರಿನಲ್ಲಿ 1940ರ ಏಪ್ರಿಲ್ 20ರಂದು ಪೊವೆಲ್ ಹುಟ್ಟಿದರು. ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳು ಕೂಲಿ ಕುಟುಂಬಗಳು, ಕನ್ನಡ, ತೆಲುಗಿನವರು ಎಲ್ಲ ಒಂದೇ ಸೈರನ್ನಿಗೆ ಏಳುತ್ತಿದ್ದ ಕಾಲ. ಓಟವನ್ನು ಅವರು ಗಟ್ಟಿಯಾಗಿ ಕೈಗೆತ್ತಿಕೊಂಡದ್ದು ಬೆಂಗಳೂರಿನ ಐ.ಟಿ.ಐ.ಗೆ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿಗೆ, ಕೆಲಸಕ್ಕೆ ಸೇರಿದ ಮೇಲೆ. ವಯಸ್ಸು ಹತ್ತೊಂಬತ್ತು. ಇಂದಿನ ತರಬೇತುದಾರರಿಗೆ ಇದು ತಡವೆನಿಸುತ್ತದೆ, ಎಂಟು ವರ್ಷಕ್ಕೇ ಮಕ್ಕಳನ್ನು ಅಕಾಡೆಮಿಗೆ ಹಾಕುವ ಕಾಲವಿದು. ಆದರೆ ಕ್ರಮವನ್ನು ಗಮನಿಸಿ. ಮೊದಲು ಕೆಲಸ, ಆಮೇಲೆ ಓಟ. ತಿಂಗಳಿಗೊಮ್ಮೆ ಸಂಬಳ ಬರುವ ಕಾಲುಗಳು ಆ ಟ್ರ್ಯಾಕಿನ ಮೇಲೆ ಓಡಿದವು.

ಐ.ಟಿ.ಐ. ಬಗ್ಗೆ ನಮ್ಮ ಕಡೆಯವರಿಗೆ ಹೆಚ್ಚು ಹೇಳಬೇಕಿಲ್ಲ. 1948ರಲ್ಲಿ ಶುರುವಾದ ಕಾರ್ಖಾನೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ಹೋಗುವಾಗ ಕೃಷ್ಣರಾಜಪುರ ಸ್ಟೇಷನ್ನಿನಲ್ಲಿ ಇಳಿದರೆ ದೂರವಾಣಿನಗರ. ಕಾರ್ಖಾನೆ, ಕ್ವಾರ್ಟರ್ಸು, ಶಾಲೆ, ಆಟದ ಮೈದಾನ, ಎಲ್ಲವೂ ಇದ್ದ ಒಂದು ಊರು. ಐ.ಟಿ.ಐ., ಎಚ್.ಎ.ಎಲ್., ರೈಲ್ವೆ, ಬ್ಯಾಂಕುಗಳು ಇವೆಲ್ಲ ಆಟಗಾರರಿಗೆ ಕೆಲಸ ಕೊಟ್ಟವು. ಆಟಗಾರ ಬೆಳಿಗ್ಗೆ ಓಡಿ, ಹಗಲು ಡ್ಯೂಟಿ ಮಾಡಿ, ಸಂಜೆ ಮತ್ತೆ ಓಡಿದ. ಕೂಟಕ್ಕೆ ಹೋಗಬೇಕಾದರೆ ರಜೆ ಸಿಕ್ಕಿತು. ಕಾಲು ನಿಂತ ದಿನವೂ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯಿತು.

1964ರ ಅಕ್ಟೋಬರ್. ಟೋಕಿಯೊ ಒಲಿಂಪಿಕ್ಸ್. ಇಪ್ಪತ್ತನಾಲ್ಕು ವರ್ಷದ ಪೊವೆಲ್ ಭಾರತದ ಬನಿಯನ್ ತೊಟ್ಟು 100 ಮೀಟರ್ ಓಟಕ್ಕೆ ನಿಂತರು. 4×100 ಮೀಟರ್ ರಿಲೇ ತಂಡದಲ್ಲಿಯೂ ಇದ್ದರು. ಜೊತೆಗೆ ಆಂಟನಿ ಕುಟಿನ್ಹೊ, ಮಖನ್ ಸಿಂಗ್, ರಾಜಶೇಖರನ್. ನಾಲ್ವರು ನಾಲ್ಕು ಕಡೆಯವರು, ಕೈಯಿಂದ ಕೈಗೆ ಬೇಟನ್ ದಾಟಿಸುತ್ತಾ ಸೆಮಿಫೈನಲ್‌ವರೆಗೆ ಹೋದರು. ಪದಕ ಬರಲಿಲ್ಲ. ನಮ್ಮ ಚಿನ್ನದ ಗಣಿಯ ಹುಡುಗನಿಗೆ ಚಿನ್ನ ಸಿಗಲಿಲ್ಲ ಎಂದು ಬರೆಯುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ರಿಲೇಯಲ್ಲಿ ಸೆಮಿಫೈನಲ್ ಎಂದರೆ ಭಾರತದ ನಾಲ್ಕು ಜನ ಜಗತ್ತಿನ ಅತಿ ವೇಗದ ಹದಿನಾರು ತಂಡಗಳ ಸಾಲಿನಲ್ಲಿ ನಿಂತದ್ದು. ನೂರು ಮೀಟರಿನ ಓಟದಲ್ಲಿ ನಮ್ಮ ದೇಶಕ್ಕೆ ಅದು ಸಣ್ಣ ಮಾತಲ್ಲ. ಮರುವರ್ಷ, 1965ರಲ್ಲಿ, ಪೊವೆಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು.

ಅದೇ ಟೋಕಿಯೊದಲ್ಲಿ ಇನ್ನೊಬ್ಬ ಓಡಿದ. ಹೆಸರು ಬಾಬ್ ಹೇಯ್ಸ್, ಫ್ಲಾರಿಡಾದ ಜಾಕ್ಸನ್‌ವಿಲ್‌ನವನು, ಪೊವೆಲ್ ಅವರಿಗಿಂತ ಎರಡು ವರ್ಷ ಕಿರಿಯ. ಕಾಲೇಜಿನಲ್ಲಿ ಅವನು ಹಾಫ್‌ಬ್ಯಾಕ್, ಅಂದರೆ ನಮ್ಮ ಹುಡುಗ ಮೊಬೈಲಿನಲ್ಲಿ ತೋರಿಸಿದ ಅದೇ ರನ್ನಿಂಗ್ ಬ್ಯಾಕ್. ಓಟದ ಟ್ರ್ಯಾಕಿಗೆ ಬಂದದ್ದು ಆ ಕಾಲುಗಳ ಇನ್ನೊಂದು ಉಪಯೋಗಕ್ಕಾಗಿ.

ಅಕ್ಟೋಬರ್ 15ರ 100 ಮೀಟರ್ ಫೈನಲ್ ಬಗ್ಗೆ ಎಷ್ಟು ಸಲ ಹೇಳಿದರೂ ನನಗೆ ತಣಿಯುವುದಿಲ್ಲ. ಆಗಿನ ಟ್ರ್ಯಾಕು ಈಗಿನ ಹಾಗೆ ರಬ್ಬರಿನ ಹಾಸಲ್ಲ, ಕಿಟ್ಟ ಹರಡಿದ ನೆಲ. ಒಲಿಂಪಿಕ್ಸಿನಲ್ಲಿ ಅಂಥ ನೆಲದ ಮೇಲೆ ಓಡಿದ್ದು ಅದೇ ಕೊನೆ. ಹೇಯ್ಸ್‌ಗೆ ಸಿಕ್ಕಿದ್ದು ಒಳಗಿನ ಮೊದಲ ಲೇನ್. ಸ್ವಲ್ಪ ಹೊತ್ತಿನ ಮೊದಲು ನಡಿಗೆ ಸ್ಪರ್ಧೆಯವರು ಅದರ ಮೇಲೆ ತುಳಿದು ಹೋಗಿ ನೆಲ ಉಳುಮೆ ಮಾಡಿದಂತಾಗಿತ್ತು. ಅದು ಸಾಲದೆಂಬಂತೆ ಅವನ ಒಂದು ಸ್ಪೈಕ್ಸ್ ಶೂ ಕೈಚೀಲದಲ್ಲಿರಲಿಲ್ಲ. ಜೊತೆಯ ಓಟಗಾರನೊಬ್ಬನಿಂದ ಎರವಲು ತಂದ ಶೂ ಒಂದು ಕಾಲಿಗೆ, ಸ್ವಂತದ್ದು ಇನ್ನೊಂದಕ್ಕೆ. ಗುಂಡು ಹಾರಿತು. ಹತ್ತು ಸೆಕೆಂಡು. ಆಗಿನ ವಿಶ್ವದಾಖಲೆಗೆ ಸಮ. ನಮ್ಮೂರ ಹುಡುಗರು ಹರಿದ ಶೂಗೆ ದಾರ ಸುತ್ತಿಕೊಂಡು ಓಡುವುದನ್ನು ನೋಡಿದಾಗಲೆಲ್ಲ ನನಗೆ ಆ ಎರವಲು ಶೂ ನೆನಪಾಗುತ್ತದೆ.

ಆರು ದಿನದ ನಂತರ ರಿಲೇ ಫೈನಲ್. ಪೊವೆಲ್ ಅವರ ತಂಡ ಅಷ್ಟರಲ್ಲಿ ಹೊರಗೆ. ಅಮೆರಿಕದ ಕೊನೆಯ ಓಟಗಾರ ಹೇಯ್ಸ್. ಬೇಟನ್ ಅವನ ಕೈಗೆ ಬಂದಾಗ ತಂಡ ಐದನೇ ಸ್ಥಾನದಲ್ಲಿತ್ತು. ಆ ನೂರು ಮೀಟರಿನಲ್ಲಿ ನಾಲ್ವರನ್ನು ಹಿಂದೆ ಹಾಕಿ ಗೆರೆ ದಾಟಿದ. 39 ಸೆಕೆಂಡು, ಹೊಸ ವಿಶ್ವದಾಖಲೆ. ಹೆಗಲು ತೂಗಿಸುತ್ತಾ, ನೆಲವನ್ನು ಹೊಡೆಯುತ್ತಾ ಓಡುವ ಅವನ ಆ ಓಟದ ಚಿತ್ರ ಈಗ ಯಾರ ಮೊಬೈಲಿನಲ್ಲಾದರೂ ಸಿಗುತ್ತದೆ. ಪುಸ್ತಕದಲ್ಲಿ ಬರೆದ ಚಂದದ ಓಟವಲ್ಲ ಅದು. ಚೆಂಡು ಕಂಕುಳಲ್ಲಿಟ್ಟು ಓಡಿ ಕಲಿತವನ ಓಟ.

ಮರುವರ್ಷ, ಅಂದರೆ ಪೊವೆಲ್ ಅರ್ಜುನ ಪ್ರಶಸ್ತಿ ಪಡೆದ ಅದೇ 1965ರಲ್ಲಿ, ಹೇಯ್ಸ್ ಡಲ್ಲಾಸ್ ಕೌಬಾಯ್ಸ್ ತಂಡ ಸೇರಿ ವೃತ್ತಿಪರ ಆಟಗಾರನಾದ. ಅಲ್ಲಿ ಅವನ ಜಾಗ ಬದಲಾಯಿತು. ಜನರ ನಡುವೆ ನುಗ್ಗುವ ಕೆಲಸ ಬಿಡಿಸಿ, ಅಂಚಿನಲ್ಲಿ ಓಡಿ ದೂರದಿಂದ ಬಂದ ಚೆಂಡನ್ನು ಹಿಡಿಯುವ ರಿಸೀವರ್ ಮಾಡಿದರು. ಮೊದಲ ಋತುವಿನಲ್ಲೇ 1,003 ಗಜ. ಒಬ್ಬನ ಹಿಂದೆ ಒಬ್ಬ ಓಡಿ ಕಾಯುವ ಹಳೆಯ ಪದ್ಧತಿ ಅವನ ಮುಂದೆ ನಡೆಯಲಿಲ್ಲ. ಆಳನ್ನು ಕಾಯುವ ಬದಲು ಜಾಗ ಹಂಚಿಕೊಂಡು ಕಾಯುವ ಕ್ರಮ ಆ ಆಟದಲ್ಲಿ ಬಲವಾಗಲು ಅವನ ವೇಗವೇ ಕಾರಣ ಎನ್ನುತ್ತಾರೆ. ಕಬಡ್ಡಿ ಬಲ್ಲವರಿಗೆ ಇದು ತಟ್ಟನೆ ಹೊಳೆಯುತ್ತದೆ. ಗಟ್ಟಿ ರೈಡರ್ ಬಂದಾಗ ಒಬ್ಬೊಬ್ಬರೇ ಬೀಳುವುದನ್ನು ಬಿಟ್ಟು ಜೋಡಿ ಕೈ ಹಿಡಿದು ಸರಪಳಿ ಕಟ್ಟುತ್ತಾರಲ್ಲ, ಹಾಗೆ. 1972ರ ಜನವರಿಯಲ್ಲಿ ಅವನ ತಂಡ ಮಯಾಮಿಯನ್ನು 24–3ರಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಒಲಿಂಪಿಕ್ ಚಿನ್ನ, ಸೂಪರ್ ಬೌಲ್ ಎರಡೂ ಒಬ್ಬನ ಮನೆಯಲ್ಲಿ ಸೇರಿದ್ದು ಅವನಿಂದಲೇ. 1975ರಲ್ಲಿ ಆಟ ಮುಗಿಯಿತು. ಮೂವತ್ತಮೂರು ವರ್ಷ ಇನ್ನೂ ತುಂಬಿರಲಿಲ್ಲ.

ಇಲ್ಲಿಂದ ಮುಂದೆ ತಾತನ ಪ್ರಶ್ನೆ. ಕುಡಿತ, ಮಾದಕ ವಸ್ತು. 1979ರಲ್ಲಿ ಮಾದಕ ವಸ್ತು ಒದಗಿಸಿದ ತಪ್ಪು ಒಪ್ಪಿಕೊಂಡು ಟೆಕ್ಸಾಸಿನ ಜೈಲಿಗೆ ಹೋದ, ಸುಮಾರು ಹತ್ತು ತಿಂಗಳು. ಹೊರಗೆ ಬಂದ ಮೇಲೆ ಹಳೆಯ ಹಿಡಿತ ಸಿಗಲಿಲ್ಲ. 2002ರ ಸೆಪ್ಟೆಂಬರ್ 18ರಂದು ಹುಟ್ಟೂರಿನಲ್ಲೇ ತೀರಿಕೊಂಡ, ಅರವತ್ತು ತುಂಬುವ ಮೊದಲೇ. ಅವನಿಗೆ ಸಲ್ಲಬೇಕಾದ ದೊಡ್ಡ ಗೌರವ, ಅಮೆರಿಕದ ಫುಟ್‌ಬಾಲ್ ಹಾಲ್ ಆಫ್ ಫೇಮ್, ಸಂದದ್ದು 2009ರಲ್ಲಿ. ಪದಕ ಕೊರಳಿಗೆ ಹಾಕಿಸಿಕೊಂಡವನು ಅದನ್ನು ನೋಡಲಿಲ್ಲ.

ಇನ್ನೊಬ್ಬರು ಮಖನ್ ಸಿಂಗ್. ಪೊವೆಲ್ ಜೊತೆ ಅದೇ ರಿಲೇಯಲ್ಲಿ ಓಡಿದವರು. ಪಂಜಾಬಿನ ಹೋಶಿಯಾರ್‌ಪುರದವರು, ಸೇನೆಯ ಯೋಧ. 1962ರಲ್ಲಿ ಕಲ್ಕತ್ತೆಯಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದ 400 ಮೀಟರಿನಲ್ಲಿ ಮಿಲ್ಖಾ ಸಿಂಗ್ ಅವರನ್ನೇ ಸೋಲಿಸಿದವರು. ಅದೇ ವರ್ಷ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಬೆಳ್ಳಿ, ರಿಲೇಯಲ್ಲಿ ಚಿನ್ನ. 1964ರಲ್ಲಿ ಅರ್ಜುನ ಪ್ರಶಸ್ತಿ. 1972ರಲ್ಲಿ ಸೇನೆ ಬಿಟ್ಟ ಮೇಲೆ ಮನೆ ನಡೆಸಲು ಲಾರಿ ಓಡಿಸಿದರು. ಆಮೇಲೆ ಒಂದು ಕಾಲನ್ನೇ ಕತ್ತರಿಸಬೇಕಾಯಿತು. ಮಿಲ್ಖಾ ಸಿಂಗ್ ಅವರನ್ನು ಹಿಂದೆ ಹಾಕಿದ ಕಾಲು ಅದು. ಈ ಸಾಲನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹೊರಗೆ ಬಂದು ಕೂತೆ. ಅವರು ತೀರಿಕೊಂಡದ್ದೂ 2002ರಲ್ಲೇ, ಜನವರಿಯಲ್ಲಿ. ಟೋಕಿಯೊದ ಅದೇ ಕಿಟ್ಟದ ಟ್ರ್ಯಾಕಿನ ಮೇಲೆ ಓಡಿದ ಇಬ್ಬರು, ಒಬ್ಬ ಜಗತ್ತಿನಲ್ಲೇ ವೇಗದವನು, ಒಬ್ಬ ಮಿಲ್ಖಾನನ್ನು ಸೋಲಿಸಿದವನು, ಒಂದೇ ವರ್ಷ ಹೋದರು. ಇಬ್ಬರಿಗೂ ಓಟ ನಿಂತ ಮೇಲೆ ಕಾಲೂರಲು ನೆಲ ಸಿಗಲಿಲ್ಲ.

ಪೊವೆಲ್ ಅವರು ಬೆಂಗಳೂರಿನಲ್ಲಿ ಎಂಬತ್ತೆರಡು ವರ್ಷದವರೆಗೆ ಇದ್ದರು. 2022ರ ಡಿಸೆಂಬರ್ 11ರಂದು ತೀರಿಕೊಂಡರು. ಹೇಯ್ಸ್ ಹೆಸರಿನ ಮುಂದೆ ಇವರ ಹೆಸರು ಜಗತ್ತಿಗೆ ಗೊತ್ತಿಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲೇ ಎಷ್ಟು ಶಾಲೆಗಳಲ್ಲಿ ಅವರ ಹೆಸರು ಹೇಳಿರಬಹುದು? ಮೂವತ್ತು ವರ್ಷ ಪಿ.ಟಿ. ಕಲಿಸಿದ ನಾನೇ ಹೇಳಿರಲಿಲ್ಲ. ಅದು ನನ್ನ ಮನಸ್ಸಿಗೆ ನೋವಿನ ವಿಷಯ. ಪಕ್ಕದೂರಿನ ಓಟಗಾರನನ್ನು ಬಿಟ್ಟು ದೂರದವರ ಹೆಸರು ಹೇಳಿಕೊಟ್ಟೆ. ಅದಕ್ಕೇ ಈ ಬಾನುಲಿಯಲ್ಲಿ ಈಗಲಾದರೂ ಹೇಳುತ್ತಿದ್ದೇನೆ, ಶಾಲೆಯ ಮಕ್ಕಳು ಯಾರಾದರೂ ಕೇಳುತ್ತಿದ್ದರೆ ಬರೆದುಕೊಳ್ಳಿ: ಕೆನೆತ್ ಪೊವೆಲ್, ಕೋಲಾರ ಚಿನ್ನದ ಗಣಿ, 1964ರ ಟೋಕಿಯೊ, 1965ರ ಅರ್ಜುನ ಪ್ರಶಸ್ತಿ.

ಕಬಡ್ಡಿಯಲ್ಲಿ ಈಗ ಹಣ ಬಂದಿದೆ. ಬರಲೇಬೇಕಿತ್ತು, ಬಂದದ್ದು ನನಗೆ ಸಂತೋಷ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ನಮ್ಮ ಬಯಲಿನ ಹುಡುಗರು ಅಂಗಡಿಯ ಟಿ.ವಿ. ಮುಂದೆ ನಿಂತು ನೋಡಿದರು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗೆದ್ದ ರಾತ್ರಿ ಪವನ್ ಸೆಹ್ರಾವತ್ ಫೈನಲ್ ಒಂದರಲ್ಲೇ 22 ಅಂಕ ತಂದ. ನಮ್ಮೂರಲ್ಲಿ ಪಟಾಕಿ ಹೊಡೆದರು. ಅಂದಿನಿಂದ ನಮ್ಮ ಹುಡುಗನಿಗೆ ಅವನೇ ದೇವರು. ಅವನ ಹಾಗೆಯೇ ಗೆರೆ ಮುಟ್ಟುವ ಮೊದಲು ಎಗರುತ್ತಾನೆ.

ಅದೇ ಪವನ್‌ನನ್ನು 2022ರಲ್ಲಿ ತಮಿಳು ತಲೈವಾಸ್ ತಂಡ 2 ಕೋಟಿ 26 ಲಕ್ಷ ರೂಪಾಯಿಗೆ ಕೊಂಡಿತು. ಆವರೆಗೆ ಕಬಡ್ಡಿಯಲ್ಲಿ ಯಾರಿಗೂ ಸಿಗದ ಬೆಲೆ. ಹೊಸ ತಂಡದ ಮೊದಲ ಪಂದ್ಯ, ಆಟ ಶುರುವಾಗಿ ಕೆಲವೇ ನಿಮಿಷ. ಮಂಡಿ ತಿರುಗಿತು. ಸ್ಟ್ರೆಚರ್ ಮೇಲೆ ಹೊರಗೆ ಹೋದವನು ಆ ಋತುವಿನಲ್ಲಿ ಮತ್ತೆ ಅಂಕಣಕ್ಕೆ ಬರಲಿಲ್ಲ. ಟಿ.ವಿ. ಮುಂದೆ ನಮ್ಮ ಹುಡುಗ ಎರಡೂ ಕೈಯಿಂದ ತನ್ನ ಮಂಡಿಯನ್ನೇ ಹಿಡಿದುಕೊಂಡು ಕೂತಿದ್ದ. ಪವನ್ ಎದ್ದು ಬಂದ. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕನಾಗಿ ಚಿನ್ನ ಗೆದ್ದ, ಇನ್ನೂ ಹೆಚ್ಚಿನ ಬೆಲೆಗೆ ಹರಾಜಾದ. ಅವನು ರೈಲ್ವೆ ತಂಡದಿಂದ ಬೆಳೆದು ಬಂದವನು ಎಂಬುದನ್ನು ನಮ್ಮ ಹುಡುಗರು ಗಮನಿಸುವುದೇ ಇಲ್ಲ. ಎಲ್ಲರ ಮಂಡಿಯೂ ಪವನ್‌ನ ಮಂಡಿಯ ಹಾಗೆ ಕೂಡಿಕೊಳ್ಳುವುದಿಲ್ಲ. ನಾನು ನನ್ನ ಮೂವತ್ತು ವರ್ಷದಲ್ಲಿ ಐದು ಒಳ್ಳೆಯ ರೈಡರ್‌ಗಳ ಮಂಡಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದರ ಸದ್ದು ವಿಚಿತ್ರ, ಹಸಿ ಕಡ್ಡಿ ಮುರಿದ ಹಾಗೆ. ಅಂಕಣದಲ್ಲಿ ಒಂದು ಗಳಿಗೆ ಎಲ್ಲರೂ ಸುಮ್ಮನಾಗುತ್ತಾರೆ, ಬಿದ್ದವನೂ ಕೂಡ. ಕೂಗು ಬರುವುದು ಆಮೇಲೆ. ಅವರಲ್ಲಿ ಒಬ್ಬ ಈಗ ಟೊಮೇಟೊ ಮಂಡಿಯಲ್ಲಿ ಕ್ರೇಟು ಹೊರುತ್ತಾನೆ, ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾ.

ಮೊಬೈಲಿನ ಆ ಸಂಜೆಗೆ ವಾಪಸು ಬರುತ್ತೇನೆ. ತಾತ ಹಾಗೆ ಕೇಳಿದ್ದು ಯಾಕೆಂದು ಹುಡುಗನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು. ಕೇಜಿನಲ್ಲಿ ಇಳಿಯಲು ಮಾತ್ರ ಕಲಿತಿದ್ದ ಜನ ಒಂದು ಬೆಳಿಗ್ಗೆ ಸೈರನ್ ಕೂಗದ ಊರಿನಲ್ಲಿ ಎದ್ದರು. ಬಂಡೆಯ ಧೂಳು ಶ್ವಾಸಕೋಶದಲ್ಲಿ, ಬರಬೇಕಾದ ಬಾಕಿಯ ಕಾಗದ ಕೈಯಲ್ಲಿ. ಮಕ್ಕಳು ಬೆಳಗಿನ ಜಾವದ ಮಾರಿಕುಪ್ಪಂ ಗಾಡಿ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು, ಈಗಲೂ ಹೋಗುತ್ತಾರೆ. ರಾತ್ರಿ ಮನೆ ಸೇರುವ ಹೊತ್ತಿಗೆ ಮೈದಾನ ಕತ್ತಲು. ಮೈಯನ್ನೇ ದುಡಿಮೆಗೆ ಹಾಕಿದವನಿಗೆ ಮೈ ಸೋತ ಮೇಲೆ ಏನು ಎಂಬುದು ಆ ಮುದುಕರು ಎಲ್ಲೋ ಓದಿ ಕೇಳಿದ ಪ್ರಶ್ನೆಯಾಗಿರಲಿಲ್ಲ.

ಅಂದು ನನಗೆ ಉತ್ತರ ಹೇಳಲಾಗಲಿಲ್ಲ. ಓದಿದ ಮೇಲೆ ಒಂದು ಭಾನುವಾರ ಇಬ್ಬರನ್ನೂ ಮನೆಗೆ ಕರೆದೆ. ನನ್ನ ಹೆಂಡತಿ ರಾಗಿಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಊಟದ ಮೇಲೆ ಈ ಮೂವರ ಕತೆ ಹೇಳಿದೆ, ಈಗ ನಿಮಗೆ ಹೇಳಿದ ಹಾಗೆಯೇ. ಹೇಯ್ಸ್‌ನ ಎರವಲು ಶೂ ಬಂದಾಗ ಹುಡುಗ ಮುಂದಕ್ಕೆ ಬಾಗಿ ಕೂತ. ಮಖನ್ ಸಿಂಗ್ ಅವರ ಕಾಲು ಬಂದಾಗ ತಲೆ ತಗ್ಗಿಸಿದ. ಪೊವೆಲ್ ಉರಿಗಾಂ ಕಡೆಯವರೋ ರಾಬರ್ಟ್‌ಸನ್‌ಪೇಟೆಯವರೋ ಎಂದು ತಾತ ಕೇಳಿದರು. ಬೀದಿ ನನಗೆ ಗೊತ್ತಿರಲಿಲ್ಲ. ಪರವಾಗಿಲ್ಲ, ನಮ್ಮ ಪೈಕಿ ಎಂದರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಹಂಗಾದ್ರೆ ಆಟ ಬಿಟ್ಟು ಪರೀಕ್ಷೆ ಬರೀಬೇಕಾ ಮೇಷ್ಟ್ರೇ?”

“ಲೋ, ಪೊವೆಲ್ ಆಟ ಬಿಟ್ರೇನೋ? ಕೆಲಸಕ್ಕೆ ಸೇರಿ ಓಡಿದ್ರು. ನೀನೂ ಕ್ರೀಡಾ ಕೋಟಾದಲ್ಲಿ ರೈಲ್ವೆಗೆ ಅರ್ಜಿ ಹಾಕು. ರೈಡ್ ಯಾರೂ ಕಿತ್ಕೊಳ್ಳಲ್ಲ.”

“ಅರ್ಜೀಲಿ ಸರ್ಟಿಫಿಕೇಟ್ ಎಲ್ಲಾ ಕೇಳ್ತಾರೆ ಮೇಷ್ಟ್ರೇ.”

“ತಗೊಂಡ್ ಬಾ. ನೋಡಣ.”

ಮಾರನೆಯ ಸಂಜೆ ಒಂದು ಪ್ಲಾಸ್ಟಿಕ್ ಕವರ್ ತಂದ. ಅದರಲ್ಲಿ ತಾಲ್ಲೂಕು, ಜಿಲ್ಲೆ, ವಿಭಾಗ ಮಟ್ಟದ ಪ್ರಮಾಣಪತ್ರಗಳು, ಒಂದೆರಡಕ್ಕೆ ಮಳೆ ನೀರು ತಾಗಿ ಅಕ್ಷರ ಹಬ್ಬಿತ್ತು. ಒಂದರಲ್ಲಿ ಹೆಸರಿನ ಇನಿಷಿಯಲ್ ತಪ್ಪು. ಅದನ್ನು ಸರಿಪಡಿಸಲು ಕೋಲಾರಕ್ಕೆ ಎರಡು ಸಲ ಹೋಗಿ ಬಂದೆವು. ಎರಡನೆಯ ಸಲ ತಾತನೂ ಬಸ್ಸು ಹತ್ತಿದರು. ಬೇಡವೆಂದರೂ ಕೇಳಲಿಲ್ಲ. ಕಚೇರಿಯ ಮೆಟ್ಟಿಲು ಹತ್ತಲಾಗದೆ ಕೆಳಗೆ ಮರದ ನೆರಳಲ್ಲಿ ಕೂತು, ನಾವು ಬರುವವರೆಗೂ ಆ ಕವರಿನ ಮೇಲೆ ಕೈ ಇಟ್ಟುಕೊಂಡೇ ಇದ್ದರು.

ಈ ಮಾತು ಪ್ರಸಾರವಾಗುವ ಹೊತ್ತಿಗೆ ಆಯ್ಕೆಯ ಟ್ರಯಲ್ಸ್ ಮುಗಿದಿರಬಹುದು. ಸದ್ಯಕ್ಕೆ ದಿನಾ ಬೆಳಿಗ್ಗೆ ಐದೂವರೆಗೆ ಅವನು ಬಯಲಿಗೆ ಬರುತ್ತಾನೆ. ಮಂಡಿಯ ಸುತ್ತಿನ ಸ್ನಾಯು ಗಟ್ಟಿಯಾಗಲೆಂದು ಮೊದಲು ಇಪ್ಪತ್ತು ನಿಮಿಷ ಕುಕ್ಕರಗಾಲಿನ ಕಸರತ್ತು, ಆಮೇಲೆ ಓಟ, ಕೊನೆಗೆ ರೈಡು. ಏಳಕ್ಕೆ ನಮ್ಮ ಮನೆ ಜಗಲಿಯಲ್ಲಿ ಸಾಮಾನ್ಯ ಜ್ಞಾನ, ಗಣಿತ. ಬೀಜಗಣಿತ ನನಗೂ ಮರೆತಿತ್ತು, ಅವನ ಜೊತೆ ನಾನೂ ಕಲಿಯುತ್ತಿದ್ದೇನೆ. ತಾತ ಕಲ್ಲಿನ ಮೇಲೆ ಕೂತು ಎಣಿಸುತ್ತಾರೆ. ಎಷ್ಟು ಸಲ ಹೋದ, ಎಷ್ಟು ಸಲ ಗೆರೆ ಮುಟ್ಟಿ ವಾಪಸು ಬಂದ, ಎರಡನ್ನೂ.